ಓದುಗರ ಪ್ರಶ್ನೆ: ಒಂದೂಮುಕ್ಕಾಲು ಕೆಜಿ ಮಗುವಿಗೆ ನೀರು ಹಾಕಬಹುದಾ?

(ಉತ್ತರ: ಹೆರಿಗೆ ವಾರ್ಡಿನಲ್ಲೂ ಎಳೆಮಕ್ಕಳ ಘಟಕದಲ್ಲೂ ದುಡಿದ ಹಿರಿಯ ಸಿಸ್ಟರ್)

ಪ್ರಶ್ನೆ: ಮಗಳಿಗೆ ಏಳೂವರೆ ತಿಂಗಳಿಗೇ ಹೆರಿಗೆ ಆಯಿತು. ಮಗು 1.7 ಕೆಜಿ. ಹನ್ನೆರಡು ದಿನ ಆಸ್ಪತ್ರೆಯಲ್ಲಿಟ್ಟುಕೊಂಡು ಮೊನ್ನೆ ಮನೆಗೆ ಕಳಿಸಿದರು. ನೀರು ಹಾಕಬೇಡಿ, ಎದೆಗೆ ಕಟ್ಟಿಕೊಂಡೇ ಇರಿ ಅಂದಿದ್ದಾರೆ. ನಾನು ಮೂರು ಬಾಣಂತನ ಮಾಡಿದವಳು. ಎಣ್ಣೆ ತಿಕ್ಕಿ ಬಿಸಿನೀರು ಎರೆಯದೆ ಮಗು ಮೈಕೈ ತುಂಬುವುದು ಹೇಗೆ?
– ಒಬ್ಬ ಅಜ್ಜಿ, ಶಿರಾ

ಉತ್ತರ: ಅಮ್ಮಾ, ನೀವು ಎರೆದ ಆ ಮೂರೂ ಮಕ್ಕಳು ತಿಂಗಳು ತುಂಬಿ ಹುಟ್ಟಿದವು, ಅಲ್ವಾ? ಇದರ ಮೈಯಲ್ಲಿ ಇನ್ನೂ ಕೊಬ್ಬೇ ಕೂತಿಲ್ಲ. ಬಚ್ಚಲಲ್ಲಿ ಒದ್ದೆ ಮೈಯಲ್ಲಿ ಐದು ನಿಮಿಷ ಇದ್ದರೆ ಸಾಕು, ತಣ್ಣಗಾಗಿಬಿಡುತ್ತದೆ. ತಣ್ಣಗಾದ ಮಗು ಕುಡಿದ ಹಾಲನ್ನೆಲ್ಲ ಮೈ ಬೆಚ್ಚಗಿಟ್ಟುಕೊಳ್ಳುವುದಕ್ಕೇ ಸುರಿಯುತ್ತದೆ, ತೂಕ ಎಲ್ಲಿಂದ ಬರಬೇಕು ಹೇಳಿ. ಎರಡು ಕೆಜಿ ದಾಟಲಿ, ತೂಕ ಏರುತ್ತಾ ಇರಲಿ, ಆಮೇಲೆ ಆಸ್ಪತ್ರೆಯವರನ್ನು ಕೇಳಿ ನೀರು ಹಾಕಿ. ಅಲ್ಲಿವರೆಗೆ ಬೆಚ್ಚಗಿನ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಲ್ಲಿ ಒರೆಸಿದರೆ ಸಾಕು. ಮೂಗಿಗೆ, ಕಿವಿಗೆ ಎಣ್ಣೆ ಮಾತ್ರ ಖಂಡಿತ ಬೇಡ. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ, ಸಾಂಬ್ರಾಣಿ ಹೊಗೆ ಕೂಡ ಬೇಡ.

ಕಟ್ಟಿಕೊಳ್ಳುವುದು ಹೇಗೆ ಅಂತೀರಾ? ಮಗುವಿಗೆ ಟೋಪಿ, ಕಾಲುಚೀಲ, ಒಂದು ಲಂಗೋಟಿ, ಅಷ್ಟೇ. ತಾಯಿಯ ಬರಿ ಎದೆಯ ನಡುವೆ ಕಪ್ಪೆಯ ಹಾಗೆ ಕಾಲು ಮಡಚಿ ನೆಟ್ಟಗೆ ಕೂರಿಸಿ. ತಲೆ ಒಂದು ಪಕ್ಕಕ್ಕೆ, ಗದ್ದ ಎದೆಗೆ ಒತ್ತದೆ ತುಸು ಮೇಲಕ್ಕೆ. ಉಸಿರಾಟ ಕಾಣುತ್ತಿರಬೇಕು. ಮೇಲೊಂದು ಹಳೇ ಹತ್ತಿ ಸೀರೆ ಸುತ್ತಿ ಬಿಗಿಯಾಗಿ ಕಟ್ಟಿ. ಒಂದು ಸಲ ಕಟ್ಟಿದರೆ ಕಡಿಮೆ ಅಂದರೂ ಒಂದು ಗಂಟೆ, ದಿನಕ್ಕೆ ಎಲ್ಲ ಸೇರಿ ಎಂಟು ಗಂಟೆಗಿಂತ ಜಾಸ್ತಿ. ರಾತ್ರಿ ಒರಗಿ ಕೂತೇ ನಿದ್ದೆ ಮಾಡಬಹುದು. ಸುಮಾರು ಎರಡೂವರೆ ಕೆಜಿ ಆದಾಗ ಮಗುವೇ ಒದ್ದಾಡಿ "ಸಾಕು ಬಿಡಿ" ಅನ್ನುತ್ತದೆ. ಬೆಚ್ಚಗಿದೆಯಾ ಅಂತ ತಿಳಿಯಲು ಅಂಗೈ ಹಿಂಭಾಗದಿಂದ ಹೊಟ್ಟೆ, ಪಾದ ಎರಡೂ ಮುಟ್ಟಿ ನೋಡಿ. ಪಾದ ತಣ್ಣಗಿದ್ದು ಹೊಟ್ಟೆ ಬೆಚ್ಚಗಿದ್ದರೆ ಚಳಿ ಶುರುವಾಗಿದೆ, ತಕ್ಷಣ ಎದೆಗೆ ಹಾಕಿಕೊಳ್ಳಿ. ಎರಡೂ ತಣ್ಣಗಿದ್ದರೆ ಎದೆಗೆ ಕಟ್ಟಿಕೊಂಡೇ ಆಸ್ಪತ್ರೆಗೆ ಹೊರಡಿ.

ಇದು ಇವತ್ತು ಯಾರೋ ಹೊಸದಾಗಿ ಕಂಡುಹಿಡಿದದ್ದಲ್ಲ. 1978ರ ಹೊತ್ತಿಗೆ ಕೊಲಂಬಿಯಾದ ಬೊಗೋಟಾದಲ್ಲಿ ಇನ್‌ಕ್ಯುಬೇಟರ್ ಸಾಲದೆ ಒಂದರಲ್ಲೇ ಎರಡು ಮೂರು ಮಕ್ಕಳನ್ನು ಮಲಗಿಸುತ್ತಿದ್ದ ಆಸ್ಪತ್ರೆಯಲ್ಲಿ ಎಡ್ಗರ್ ರೇ ಎಂಬ ವೈದ್ಯರು ತಾಯಂದಿರ ಎದೆಗೇ ಮಕ್ಕಳನ್ನು ಕಟ್ಟಿಸಿದರು. ಕಾಂಗರೂ ಆರೈಕೆ ಅನ್ನುವುದು ಅದಕ್ಕೇ. ನಮ್ಮ ಕೊಪ್ಪಳ ಜಿಲ್ಲೆಯಲ್ಲೂ ಆಸ್ಪತ್ರೆಯಿಂದ ಮನೆಯವರೆಗೆ ಇದನ್ನು ಮಾಡಿಸಿ ನೋಡಿದ್ದಾರೆ.

ಇನ್ನೊಂದು ಮಾತು. ಮಗಳು ಊಟ, ಸ್ನಾನ ಮಾಡುವಾಗ ನೀವೇ ಕಟ್ಟಿಕೊಳ್ಳಿ. ಅಜ್ಜಿಯ ಎದೆಯೂ ಅಷ್ಟೇ ಬೆಚ್ಚಗಿರುತ್ತದೆ. ಅಳಿಯನಿಗೂ ಕಲಿಸಿ, ಸುಮ್ನೆ ಬಾಗಿಲಲ್ಲಿ ನಿಂತು ನೋಡುವುದು ಬೇಡ.

ಪ್ರಶ್ನೆ: ಮಗು ಎರಡು ಸಲ ಚೀಪಿ ಸುಸ್ತಾಗಿ ಮಲಗಿಬಿಡುತ್ತದೆ. ಬಾಟಲಿ ಕೊಡಲಾ?
– ಬಾಣಂತಿ, ಗದಗ

ಉತ್ತರ: ಬಾಟಲಿ ಬೇಡ ತಾಯಿ. ನಿಮ್ಮ ಹಾಲನ್ನೇ ಹಿಂಡಿ ಒಳಲೆಯಲ್ಲಿ ಕುಡಿಸಿ. ತಲೆ ಎತ್ತಿ ಹಿಡಿದು, ಒಳಲೆಯ ಮೂತಿಯನ್ನು ತುಟಿಯ ಮೂಲೆಗೆ ತಾಗಿಸಿ, ನುಂಗಿದ ಮೇಲೆ ಮುಂದಿನ ಹನಿ. ಗಂಟಲಿಗೆ ಸುರಿಯಬಾರದು. ಎರಡು ಗಂಟೆಗೊಮ್ಮೆ, ರಾತ್ರಿ ಎಬ್ಬಿಸಿ ಕೂಡ. ಒಳಲೆಯನ್ನು ಪ್ರತಿಸಲ ತೊಳೆದು ಕುದಿಸಿ. ಮೊದಲು ಚೆನ್ನಾಗಿ ಕುಡಿಯುತ್ತಿದ್ದ ಮಗು ಒಮ್ಮೆಲೇ ಕುಡಿಯುವುದು ಬಿಟ್ಟರೆ ಮಾತ್ರ ಒಳಲೆ ಬದಿಗಿಟ್ಟು ಆಸ್ಪತ್ರೆಗೆ ಓಡಿ.

ಪ್ರಶ್ನೆ: ಕಾಮಾಲೆಗೆ ಬೆಳಗಿನ ಬಿಸಿಲು ಸಾಕಲ್ಲವೇ?
– ಒಬ್ಬ ತಂದೆ, ಸಾಗರ

ಉತ್ತರ: ಬಿಸಿಲಿನ ಮಾತಿಗೆ ಒಂದು ಕಥೆ ಇದೆ, ನಮ್ಮ ಸಿಸ್ಟರ್‌ಗಳು ಹೆಮ್ಮೆಪಡುವ ಕಥೆ. 1956ರಲ್ಲಿ ಇಂಗ್ಲೆಂಡಿನ ರಾಚ್‌ಫರ್ಡ್ ಆಸ್ಪತ್ರೆಯಲ್ಲಿ ಸಿಸ್ಟರ್ ವಾರ್ಡ್ ಎಂಬವರು ದಿನ ತುಂಬದ ಮಕ್ಕಳನ್ನು ಅಂಗಳದ ಬಿಸಿಲಿಗೆ ಒಯ್ಯುತ್ತಿದ್ದರು. ಬಿಸಿಲು ಬಿದ್ದ ಕಡೆ ಹಳದಿ ಇಳಿದಿತ್ತು, ಬಟ್ಟೆ ಮುಚ್ಚಿದ ಕಡೆ ಹಾಗೇ ಇತ್ತು. ಇವತ್ತಿನ ನೀಲಿ ಬೆಳಕಿನ ಚಿಕಿತ್ಸೆ ಶುರುವಾದದ್ದು ಅಲ್ಲಿಂದ. ಆದರೆ ಬಿಸಿಲಿಗೆ ಅಳತೆ ಇಲ್ಲ, ಮಗು ತಣ್ಣಗಾಗಬಹುದು, ಚರ್ಮ ಸುಡಬಹುದು. ಹುಟ್ಟಿದ 24 ಗಂಟೆಯೊಳಗೆ ಹಳದಿ ಕಂಡರೆ, ಅಂಗೈ ಅಂಗಾಲು ಹಳದಿಯಾದರೆ ಬಿಸಿಲಿಗೆ ಕಾಯಬೇಡಿ, ರಕ್ತ ಪರೀಕ್ಷೆ ಮಾಡಿಸಿ.

ಪ್ರಶ್ನೆ: ಮಗು ಏದುಸಿರು ಬಿಡುತ್ತಿದೆ ಅಂತ ಆಶಾ ಅಕ್ಕ ಹೇಳಿದರು, ಅತ್ತೆ ಏನೂ ಇಲ್ಲ ಅಂತಾರೆ. ಯಾರ ಮಾತು ಕೇಳಲಿ?
– ಹೆಸರು ಬೇಡ

ಉತ್ತರ: ಯಾರ ಮಾತೂ ಬೇಡ, ಮೊಬೈಲ್ ತೆಗೆದು ನೀವೇ ಎಣಿಸಿ. ಮಗು ಅಳದೆ ಇರುವಾಗ, ಪೂರ್ತಿ ಒಂದು ನಿಮಿಷ, ಹೊಟ್ಟೆ ಮೇಲೆದ್ದ ಲೆಕ್ಕ. 60 ಅಥವಾ ಜಾಸ್ತಿ ಬಂದರೆ ಇನ್ನೊಮ್ಮೆ ಎಣಿಸಿ. ಮತ್ತೆ ಅಷ್ಟೇ ಬಂದರೆ 108ಕ್ಕೆ ಫೋನ್ ಮಾಡಿ. ಉಸಿರೆಳೆದಾಗ ಎದೆಯ ಕೆಳಭಾಗ ಒಳಕ್ಕೆ ಗುಂಡಿ ಬೀಳುತ್ತಿದ್ದರೆ, ಫಿಟ್ಸ್ ಬಂದರೆ, ಮುಟ್ಟಿದರೂ ಮಿಸುಕದಿದ್ದರೆ ಎಣಿಸುತ್ತಾ ಕೂರಬೇಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಕಾಯಿಲೆ ಮಗುವಿನ ಚಿಕಿತ್ಸೆ, ವಾಹನ ಎರಡೂ ಉಚಿತ.

ಪ್ರಶ್ನೆ: ಬೇಗ ಹುಟ್ಟಿದ ಮಗುವಿಗೆ ಕಣ್ಣಿನ ಪರೀಕ್ಷೆ ಅಂತ ಚೀಟಿ ಕೊಟ್ಟಿದ್ದಾರೆ. ಕಣ್ಣು ಚೆನ್ನಾಗೇ ಇದೆ. ತಿಂಗಳು ಕಳೆದು ಹೋಗಬಹುದಾ?
– ಒಬ್ಬ ತಾಯಿ, ಮಂಡ್ಯ

ಉತ್ತರ: ಬೇಡ. ಎರಡು ಕೆಜಿಗಿಂತ ಕಡಿಮೆ ತೂಕದ ಅಥವಾ 34 ವಾರಕ್ಕೆ ಮುಂಚೆ ಹುಟ್ಟಿದ ಮಕ್ಕಳಲ್ಲಿ ಕಣ್ಣಿನ ಒಳಪರದೆಯ ರಕ್ತನಾಳ ಪೂರ್ತಿ ಬೆಳೆದಿರುವುದಿಲ್ಲ. ಅದು ಅಡ್ಡಾದಿಡ್ಡಿ ಬೆಳೆದರೆ ಹೊರಗಿನಿಂದ ಏನೂ ಕಾಣದು, ನಮಗೆ ಗೊತ್ತಾಗುವ ಹೊತ್ತಿಗೆ ದೃಷ್ಟಿಯೇ ಹೋಗಿರಬಹುದು. 30 ದಿನದೊಳಗೆ ನೋಡಿಸಬೇಕು. ತೀರಾ ಚಿಕ್ಕ ಮಕ್ಕಳಿಗೆ ಇನ್ನೂ ಬೇಗ. ಬೆಂಗಳೂರಿನ ನಾರಾಯಣ ನೇತ್ರಾಲಯದವರು 2008ರಿಂದ 'ಕಿಡ್‌ರಾಪ್' ಹೆಸರಲ್ಲಿ ಕ್ಯಾಮೆರಾ ಹೊತ್ತು ಜಿಲ್ಲೆಗಳ ಆಸ್ಪತ್ರೆಗೇ ಹೋಗಿ ಈ ಮಕ್ಕಳ ಕಣ್ಣಿನ ಚಿತ್ರ ತೆಗೆಯುತ್ತಿದ್ದಾರೆ. ನಿಮಗೆ ಹತ್ತಿರ ಎಲ್ಲಿ, ಯಾವ ದಿನ ಅಂತ ಚೀಟಿ ಕೊಟ್ಟವರನ್ನೇ ಕೇಳಿ. ಬಾಣಂತಿ ಹೊಸಿಲು ದಾಟಬಾರದು ಅಂತ ಮನೆಯಲ್ಲಿ ತಡೆದರೆ ಮಗುವನ್ನು ಬೇರೆಯವರ ಕೈಲಿ ಕಳಿಸಿದರೂ ಸರಿ, ತಾರೀಖು ತಪ್ಪಿಸಬೇಡಿ. ಪರೀಕ್ಷೆಗೆ ಒಂದು ಗಂಟೆ ಮೊದಲು ಹಾಲು ಕೊಡಬೇಡಿ, ಅತ್ತು ವಾಂತಿ ಮಾಡಿಕೊಳ್ಳುತ್ತದೆ. ಮುಗಿದ ಮೇಲೆ ಕಣ್ಣು ಸ್ವಲ್ಪ ಕೆಂಪಗಿರುತ್ತದೆ, ಅದಕ್ಕೆ ಹೆದರಬೇಡಿ, ಎದೆಗೆ ಹಾಕಿಕೊಂಡು ಹಾಲು ಕೊಡಿ.