ಬಿಳಿ ಹೂವು ಬಿಟ್ಟದ್ದೆಲ್ಲ ಬಿಳಿ ಎಕ್ಕವೇ?

ಪ್ರಶ್ನೆ: ನಮ್ಮ ಹೊಲದ ಬದುವಿನಲ್ಲಿ ಎರಡು ಬಗೆಯ ಎಕ್ಕದ ಗಿಡಗಳಿವೆ. ಒಂದರ ಹೂವು ನಸುನೇರಳೆ. ಇನ್ನೊಂದರದು ಬಿಳುಪು, ಆದರೆ ಎಸಳಿನ ತುದಿ ಮಾತ್ರ ನೇರಳೆ. ಎರಡನೆಯದೇ ಪೂಜೆಯ ಬಿಳಿ ಎಕ್ಕವೆಂದು ಮನೆಯ ಹಿರಿಯರು ಹೇಳುತ್ತಾರೆ. ನರ್ಸರಿಯಿಂದ ತಂದ ಕೆಂಪು-ಹಳದಿ ಹೂವಿನ ಗಿಡವನ್ನು ಮುರಿದರೂ ಹಾಲು ಬರುತ್ತದೆ. ಇವನ್ನು ಗುರುತಿಸುವುದು ಹೇಗೆ?
– ಓದುಗರೊಬ್ಬರು, ಕೊಪ್ಪಳ

ಉತ್ತರ: ಎಸಳಿನ ತುದಿಯ ನೇರಳೆಯನ್ನು ನೀವು ಗಮನಿಸಿದ್ದರಿಂದಲೇ ಅರ್ಧ ಉತ್ತರ ಸಿಕ್ಕಿದೆ. ಹಿರಿಯರು ಮನ್ನಿಸಬೇಕು, ಅದು ಬಿಳಿ ಎಕ್ಕವಲ್ಲ. ಒಣ ಸೀಮೆಯಲ್ಲಿ ಹೆಚ್ಚಾಗಿ ಬೆಳೆಯುವ ಕ್ಯಾಲೊಟ್ರೋಪಿಸ್ ಪ್ರೊಸೆರಾ ಎಂಬ ಬೇರೆಯೇ ಪ್ರಭೇದ. ಅದರ ಮೊಗ್ಗು ಗುಂಡಗಿರುತ್ತದೆ, ಅರಳಿದ ಮೇಲೂ ಎಸಳುಗಳು ಬಟ್ಟಲಿನಂತೆ ಮೇಲ್ಮುಖವಾಗಿಯೇ ನಿಲ್ಲುತ್ತವೆ, ಕಾಯಿ ಗಾಳಿ ತುಂಬಿದ ಮಾವಿನಕಾಯಿಯಂತೆ ಉಬ್ಬಿರುತ್ತದೆ. ನಸುನೇರಳೆ ಹೂವಿನದು ಕ್ಯಾಲೊಟ್ರೋಪಿಸ್ ಜೈಗಾಂಟಿಯಾ. ಇದರ ಹೂವು ದೊಡ್ಡದು; ಎಸಳುಗಳು ಅಗಲವಾಗಿ ಹರಡಿ ಹಿಂದಕ್ಕೆ ಬಾಗುವುದರಿಂದ ನಡುವಿನ ಐದು ಮೂಲೆಯ ಕಿರೀಟ ಎದ್ದು ಕಾಣುತ್ತದೆ. ಪೂಜೆಗೆ ಬಳಸುವ ಬಿಳಿ ಎಕ್ಕ ಇದೇ ಪ್ರಭೇದದಲ್ಲಿ ಬಣ್ಣವಷ್ಟೇ ಬದಲಾದ ಗಿಡವಾದ್ದರಿಂದ, ಅದರಲ್ಲಿಯೂ ಎಸಳುಗಳು ಹೀಗೆಯೇ ಹರಡಿರಬೇಕು ಮತ್ತು ತುದಿಯಲ್ಲಿ ನೇರಳೆಯ ಕಲೆ ಇರಬಾರದು. ಎಲೆ ನೋಡಿ ತೀರ್ಮಾನಿಸಲು ಹೋಗಬೇಡಿ. ರಥಸಪ್ತಮಿಯಂದು ತಲೆ, ಹೆಗಲ ಮೇಲಿಟ್ಟು ಸ್ನಾನ ಮಾಡುವ ಆ ಬೂದು ಮೆತ್ತಿದಂತಹ ದಪ್ಪ ಎಲೆ ಎರಡರಲ್ಲಿಯೂ ಹೆಚ್ಚುಕಡಿಮೆ ಒಂದೇ.

ನರ್ಸರಿಯ ಗಿಡವು ಅಮೆರಿಕದ ಉಷ್ಣವಲಯದಿಂದ ಬಂದ ಆಸ್ಕ್ಲೆಪಿಯಾಸ್ ಕ್ಯುರಸಾವಿಕಾ ಇರಬೇಕು. ಕಣಗಿಲೆಯಂತೆ ಉದ್ದವಾದ, ಕಿರಿದಾದ ಎಲೆ, ಕೆಳಕ್ಕೆ ಮಡಿಚಿದ ಕೆಂಪು ಎಸಳುಗಳ ಮೇಲೆ ಹಳದಿ ಕಿರೀಟ, ನೆಟ್ಟಗೆ ನಿಂತ ಸಪೂರ ಕಾಯಿ ಇದ್ದರೆ ಸಂದೇಹವೇ ಬೇಡ. ಹಾಲು ಬಂದ ಮಾತ್ರಕ್ಕೆ ಯಾವ ಗಿಡವೂ ಎಕ್ಕದ ಬಳಗಕ್ಕೆ ಸೇರುವುದಿಲ್ಲ. ಕಳ್ಳಿಯಲ್ಲಿಯೂ ಹಲಸಿನಲ್ಲಿಯೂ ಹಾಲಿದೆ. ಹೂವಿನ ನಡುವಿನ ಕಿರೀಟವನ್ನೂ, ಕಾಯಿ ಒಡೆದಾಗ ರೇಷ್ಮೆಯಂತಹ ಕೂದಲಿನ ಕುಚ್ಚು ಹೊತ್ತು ಹಾರುವ ಚಪ್ಪಟೆ ಬೀಜವನ್ನೂ ಒಟ್ಟಿಗೆ ನೋಡಬೇಕು. ಕಪ್ಪು, ಬಿಳಿ, ಹಳದಿ ಪಟ್ಟೆಯ ಹುಳು ಎಲೆ ಮೇಯುತ್ತಿದ್ದರೆ ಔಷಧ ಸಿಂಪಡಿಸದಿರಿ. ಅದು ಪ್ಲೇನ್ ಟೈಗರ್ ಚಿಟ್ಟೆಯ ಮರಿ, ಎಕ್ಕದ ಮೇಲೆಯೂ ಇದರ ಮೇಲೆಯೂ ಬೆಳೆಯುತ್ತದೆ. ಹೂವು ಕಿತ್ತ ಕೈಯಿಂದ ಮಾತ್ರ ಕಣ್ಣುಜ್ಜಬೇಡಿ, ಎಕ್ಕದ ಹಾಲು ಕಣ್ಣಿನ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪೊರೆಯನ್ನು ಕೆಡಿಸಿ ದೃಷ್ಟಿಯನ್ನು ಮಸುಕಾಗಿಸಬಲ್ಲದು.