ಬ್ಲೆಂಡರ್ ಅನ್ನೋ 3ಡಿ ಸಾಫ್ಟ್‌ವೇರ್‌ನಲ್ಲಿ ಮಾಡಿದ ನಮ್ಮಜ್ಜಿಯ ತೊಟ್ಟಿಮನೆ ಪ್ಲಾಸ್ಟಿಕ್ ಆಟಿಕೆ ಥರ ಕಾಣುತ್ತೆ. ರೆಡ್ ಆಕ್ಸೈಡ್ ನೆಲಕ್ಕೆ ಎಲ್ಲ ಕಡೆ ರಫ್‌ನೆಸ್ (ಒರಟುತನದ ಅಳತೆ, ಕಡಿಮೆಯಾದಷ್ಟೂ ಹೊಳಪು) 0.2 ಕೊಟ್ಟಿದ್ದೇನೆ. ಒಂಬತ್ತು ಲೈಟ್ ಇಟ್ಟಿದ್ದೇನೆ, ಇನ್ನೂ ಎಷ್ಟು ಬೇಕು?

ಒಂದೂ ಬೇಡ. ಇರುವ ಒಂಬತ್ತನ್ನೂ ತೆಗೆದುಬಿಡಿ. ತೊಟ್ಟಿಮನೆಗೆ ಹಗಲು ಬೆಳಕು ಬರೋದು ನೆತ್ತಿಯ ಮೇಲಿನ ಬಯಲಿಂದ, ಮುಂಬಾಗಿಲಿಂದ, ಒಂದೆರಡು ಸಣ್ಣ ಕಿಟಕಿಗಳಿಂದ. ಮೂಲೆಗಳಲ್ಲಿ ಮಬ್ಬುಗತ್ತಲು ಇದ್ದೇ ಇರುತ್ತೆ. ಅದನ್ನು ಲೈಟ್ ಹಾಕಿ ಅಳಿಸಿದರೆ ಅಜ್ಜಿ ಮನೆ ಶೋರೂಮ್ ಆಗುತ್ತೆ.

ಮೊದಲು ವ್ಯೂ ಲೇಯರ್‌ನ ಮೆಟೀರಿಯಲ್ ಓವರ್‌ರೈಡ್‌ನಲ್ಲಿ ಇಡೀ ಮನೆಗೆ ಒಂದೇ ಬೂದು ಬಣ್ಣ ಕೊಡಿ. ಚಿತ್ರ ಮೂಡಿಸುವ (ರೆಂಡರ್) ಎಂಜಿನ್ ಆಗಿ ಸೈಕಲ್ಸ್ ಆರಿಸಿ, ವರ್ಲ್ಡ್ ಸೆಟ್ಟಿಂಗ್‌ನಲ್ಲಿ ಆಕಾಶ, ಸೂರ್ಯನ ಬೆಳಕು ಕೊಡುವ ಸ್ಕೈ ಟೆಕ್ಸ್ಚರ್ ಹಾಕಿ. ಎಲ್ಲ ಬೆಳ್ಳಗೆ ಸುಟ್ಟಂತೆ ಕಾಣುತ್ತೆ, ಹೆದರಬೇಡಿ, ಕಲರ್ ಮ್ಯಾನೇಜ್‌ಮೆಂಟ್‌ನಲ್ಲಿ ಎಕ್ಸ್‌ಪೋಷರ್ ಇಳಿಸಿ. ಇನ್ನು ಸೂರ್ಯ ಎಲ್ಲಿರಬೇಕು? ಬೆಂಗಳೂರಿನಲ್ಲಿ ಏಪ್ರಿಲ್ 24, ಆಗಸ್ಟ್ 18ರ ಹೊತ್ತಿಗೆ ನಡುಮಧ್ಯಾಹ್ನ ಸೂರ್ಯ ನೆತ್ತಿಗೇ ಬರುತ್ತಾನೆ, ನೆಟ್ಟ ಕೋಲಿಗೆ ನೆರಳೇ ಇರಲ್ಲ. ಆ ಬಿಸಿಲಲ್ಲಿ ಕಂಬಗಳು ಚಪ್ಪಟೆಯಾಗಿ ಕಾಣುತ್ತವೆ. ತೀರಾ ಬೆಳಗಿನದ್ದೂ ಆಗಲ್ಲ, ಹಂಚಿನ ಮಾಡು ತೊಟ್ಟಿ ಕಡೆಗೆ ಇಳಿಜಾರಾಗಿರೋದರಿಂದ ತಗ್ಗಿನ ಬಿಸಿಲನ್ನು ಅದೇ ತಡೆಯುತ್ತೆ. ಒಂಬತ್ತೂವರೆ ಸುಮಾರಿನ, 45 ಡಿಗ್ರಿ ಎತ್ತರದ ಸೂರ್ಯನನ್ನು ಇಟ್ಟು ನೋಡಿ. ಬಿಸಿಲು ಎದುರು ಕಂಬದ ಬುಡಕ್ಕೆ ಓರೆಯಾಗಿ ಬೀಳುತ್ತೆ. ಸೂರ್ಯಬಿಂಬದ ಅಗಲ ನಿಜದಲ್ಲಿ ಇರುವ ಹಾಗೆ ಸುಮಾರು 0.53 ಡಿಗ್ರಿಯೇ ಇರಲಿ. ಆಗ ಕಂಬದ ನೆರಳು ಬುಡದಲ್ಲಿ ಚೂಪಾಗಿ, ದೂರ ಹೋದಂತೆ ಮೆತ್ತಗಾಗುತ್ತೆ. ಈ ಬೂದು ಮನೆಯೇ ನಿಮಗೆ ಹಿಡಿಸುವವರೆಗೆ ನೆಲ, ಗೋಡೆಗಳ ಟೆಕ್ಸ್ಚರ್ ಮುಟ್ಟಬೇಡಿ.

ಪ್ಲಾಸ್ಟಿಕ್ ಕಳೆಗೆ ನಿಜವಾದ ಕಾರಣ ನಿಮ್ಮ ರೆಡ್ ಆಕ್ಸೈಡ್ ನೆಲ. ರಫ್‌ನೆಸ್ ಎಲ್ಲ ಕಡೆ 0.2 ಕೊಟ್ಟಿದ್ದೀರಿ. ನಮ್ಮೂರ ಮನೆಯ ನೆಲ ಮಾಡುವಾಗ ನಾನೂ ಹಾಗೇ ಮಾಡಿ ವಾರಗಟ್ಟಲೆ ಬಣ್ಣ ಬದಲಿಸುತ್ತಾ ಕೂತಿದ್ದೆ, ಸರಿಹೋಗಲೇ ಇಲ್ಲ. ಕೊನೆಗೆ ಊರಿಗೆ ಹೋದಾಗ ನೆಲಕ್ಕೆ ಕೆನ್ನೆ ತಾಗುವಷ್ಟು ಬಗ್ಗಿ, ಬಾಗಿಲ ಬೆಳಕಿಗೆ ಎದುರಾಗಿ ನೋಡಿದೆ. ಹೊಸ್ತಿಲಿಂದ ಅಡುಗೆಮನೆವರೆಗೆ ಜನ ಓಡಾಡಿದ ದಾರಿ ಕನ್ನಡಿಯಂತೆ ನುಣುಪು. ಗೋಡೆ ಪಕ್ಕ, ಕಾಲು ಬೀಳದ ಕಡೆ, ಮಂಕು. ಒರೆಸೋ ಬಟ್ಟೆ ಎಳೆದ ಅರೆಚಂದ್ರದ ಗೆರೆಗಳು, ಕಂಬದ ಸುತ್ತ ಕೂದಲೆಳೆಯ ಬಿರುಕು. ಬಣ್ಣ ಮಾತ್ರ ಎಲ್ಲ ಕಡೆ ಹೆಚ್ಚುಕಮ್ಮಿ ಒಂದೇ! ಬೆಳಕು ಚೆಲ್ಲುವ ರೀತಿಯಷ್ಟೇ ಬೇರೆ. ಆ ಓಡಾಟದ ದಾರಿಯನ್ನು ರಫ್‌ನೆಸ್ ಚಿತ್ರವಾಗಿ ನೀವೇ ಟೆಕ್ಸ್ಚರ್ ಪೇಂಟ್‌ನಲ್ಲಿ ಬಳಿಯಿರಿ: ದಾರಿಯಲ್ಲಿ 0.15, ಅಂಚಿಗೆ 0.45, ನಡುವೆ ಸ್ವಲ್ಪ ನಾಯ್ಸ್, ಅಂದರೆ ಅಲ್ಲಲ್ಲಿ ಏರುಪೇರು. ಆ ಚಿತ್ರದ ಕಲರ್ ಸ್ಪೇಸ್ 'ನಾನ್-ಕಲರ್' ಇರಲೇಬೇಕು, ಇಲ್ಲದಿದ್ದರೆ ಬ್ಲೆಂಡರ್ ಅದನ್ನು ಬಣ್ಣ ಅಂದುಕೊಂಡು ಆ ಅಂಕಿಗಳನ್ನೇ ಬದಲಿಸಿಬಿಡುತ್ತೆ.

ಸುಣ್ಣದ ಗೋಡೆಗೆ ಪೂರ್ತಿ ಬಿಳಿ, ಅಂದರೆ 1.0 ಕೊಡಬೇಡಿ, 0.8 ಸಾಕು. ಬಿದ್ದ ಬೆಳಕನ್ನೆಲ್ಲ ವಾಪಸ್ ಕೊಡುವ ಗೋಡೆ ಲೋಕದಲ್ಲಿಲ್ಲ. ಹಂಚುಗಳು ಬೇರೆ ಬೇರೆ ಆಬ್ಜೆಕ್ಟ್ ಆಗಿದ್ದರೆ ಆಬ್ಜೆಕ್ಟ್ ಇನ್ಫೊ ನೋಡ್‌ನ ರ್ಯಾಂಡಮ್‌ನಿಂದ ಒಂದೊಂದಕ್ಕೂ ಚೂರು ಬಣ್ಣ ವ್ಯತ್ಯಾಸ ಮಾಡಿ. ಕಂಬದ ಅಂಚಿಗೆ ಎರಡು ಮೂರು ಮಿಲಿಮೀಟರ್ ಬೆವೆಲ್ ಕೊಟ್ಟು ಚೂಪು ಮುರಿಯಿರಿ.

ಕ್ಯಾಮೆರಾನ ಜಗುಲಿ ಮೇಲೆ ಕೂತವರ ಕಣ್ಣಿನ ಎತ್ತರಕ್ಕೆ ಇಳಿಸಿ ಮತ್ತೊಮ್ಮೆ ರೆಂಡರ್ ಮಾಡಿ, ಇಲ್ಲೇ ಹಾಕಿ. ನೆಲದ ಮೇಲೆ ಬಾಗಿಲ ಬೆಳಕು ಹೇಗೆ ಬಿದ್ದಿದೆ ಅಂತ ನನಗೂ ನೋಡಬೇಕಿದೆ.