ಹಾವಿಗೆ ಹೆದರುವ ಮನಸ್ಸು ರೈಲಿಗೇಕೆ ಹೆದರದು?

ವಿಕಾಸ ಮತ್ತು ಮನಸ್ಸಿನ ಬಗ್ಗೆ ಮುಂಬೈ, ಪುಣೆ, ಗೋವಾದ ಓದುಗರು ಕೇಳಿದ ಪ್ರಶ್ನೆಗಳಿಗೆ ಉತ್ತರ

ಐದು ವರ್ಷದ ನನ್ನ ಮಗಳು ಹಾವನ್ನು ಕಣ್ಣಾರೆ ಕಂಡಿಲ್ಲ. ಆದರೂ ಟಿವಿಯಲ್ಲಿ ಬಂದರೆ ಸಾಕು, ಚೀರುತ್ತಾಳೆ. ನಮ್ಮ ಕಡೆ ದೊಡ್ಡವರೇ ಮಕ್ಕಳ ಕೈ ಹಿಡಿದುಕೊಂಡು ರೈಲು ಹಳಿ ದಾಟುತ್ತಾರೆ, ಯಾರಿಗೂ ಭಯವಿಲ್ಲ. ಭಯ ಹುಟ್ಟಿನಿಂದಲೇ ಬರುತ್ತದೆಯೇ?
ಓದುಗರು, ಡೊಂಬಿವಲಿ

ಹುಟ್ಟಿನಿಂದ ಬರುವುದು ಕೆಲವಕ್ಕೆ ಬೇಗ ಹೆದರಲು ಕಲಿಯುವ ಒಲವು. ಅಮೆರಿಕದ ಮನೋವಿಜ್ಞಾನಿ ಸೂಸನ್ ಮಿನೇಕಾ 1980ರ ದಶಕದಲ್ಲಿ ಇದನ್ನು ರೀಸಸ್ ಕೋತಿಗಳಲ್ಲಿ ಪರೀಕ್ಷಿಸಿದರು. ಪ್ರಯೋಗಾಲಯದಲ್ಲೇ ಬೆಳೆದ ಕೋತಿಗಳಿಗೆ ಹಾವಿನ ಭಯ ಇರಲಿಲ್ಲ. ಕಾಡಿನಲ್ಲಿ ಬೆಳೆದ ಕೋತಿ ಹಾವು ಕಂಡು ಬೆದರುವುದನ್ನು ಸ್ವಲ್ಪ ಹೊತ್ತು ನೋಡಿದ್ದೇ ತಡ, ಅವೂ ಹೆದರತೊಡಗಿದವು. ಮೂರು ತಿಂಗಳಾದರೂ ಆ ಭಯ ಹೋಗಲಿಲ್ಲ. ಆಮೇಲೆ ಕೋತಿ ಹಾವಿಗೆ ಬೆದರುವ ವಿಡಿಯೊವನ್ನು ಕತ್ತರಿಸಿ ಜೋಡಿಸಿ, ಅದು ಹೂವಿಗೆ ಬೆದರಿದಂತೆ ತೋರಿಸಿದರು. ಹೂವಿನ ಭಯವನ್ನು ಯಾವ ಕೋತಿಯೂ ಕಲಿಯಲಿಲ್ಲ. ಆಟಿಕೆ ಮೊಸಳೆಗೆ ಹೆದರಲು ಕಲಿತವು, ಆಟಿಕೆ ಮೊಲಕ್ಕೆ ಇಲ್ಲ.

ಕಾರಣ ನಿಸರ್ಗದ ಆಯ್ಕೆ. ಕೋಟ್ಯಂತರ ವರ್ಷ ಹಾವುಗಳ ನಡುವೆ ಬಾಳಿದ ನಮ್ಮ ಪೂರ್ವಜ ವಾನರಗಳಲ್ಲಿ, ಕಚ್ಚಿಸಿಕೊಂಡು ಪಾಠ ಕಲಿಯುವುದಕ್ಕಿಂತ ಪಕ್ಕದವರ ಮುಖ ನೋಡಿ ಕಲಿತವು ಹೆಚ್ಚು ಉಳಿದವು, ಹೆಚ್ಚು ಮರಿ ಹಾಕಿದವು. ಮುಂಬೈಯಲ್ಲಿ ರೈಲು ಓಡತೊಡಗಿದ್ದು 1853ರಲ್ಲಿ. ತಲೆಮಾರಿಗೆ 25 ವರ್ಷವೆಂದರೂ ಏಳೇ ತಲೆಮಾರು. ಅಷ್ಟರಲ್ಲಿ ಮಿದುಳಿನಲ್ಲಿ ಅಂಥ ಹೊಸ ಒಲವೊಂದು ಬೇರೂರಲಾರದು.

ಕಣ್ಣಿನ ಲೆಕ್ಕವೂ ಇಲ್ಲಿ ಕೈಕೊಡುತ್ತದೆ. ಗಂಟೆಗೆ 80 ಕಿ.ಮೀ. ವೇಗದ ಲೋಕಲ್ ಸೆಕೆಂಡಿಗೆ 22 ಮೀಟರ್ ಬರುತ್ತದೆ. ಸುಮಾರು ಮೂರೂವರೆ ಮೀಟರ್ ಅಗಲದ ಅದರ ಮುಖ 220 ಮೀಟರ್ ದೂರದಲ್ಲಿ, ತೋಳು ಚಾಚಿ ಹಿಡಿದ ಹೆಬ್ಬೆರಳಿನ ಅರ್ಧ ಅಗಲದಷ್ಟು ಕಾಣುತ್ತದೆ. ಐದು ಸೆಕೆಂಡಿನ ನಂತರ ಇಡೀ ಹೆಬ್ಬೆರಳಿನಷ್ಟು. ಬೆಳೆದದ್ದು ಒಂದು ಡಿಗ್ರಿಗೂ ಕಡಿಮೆ! ‘ಇನ್ನೂ ದೂರ ಇದೆ’ ಎಂದು ಮಿದುಳು ತೀರ್ಮಾನಿಸುತ್ತದೆ. ಆ ಹೊತ್ತಿಗೆ ಉಳಿದಿರುವುದು ಐದೇ ಸೆಕೆಂಡು. ಮೋಟರ್‌ಮನ್ ಬ್ರೇಕ್ ಹಾಕಿದರೂ ಗಾಡಿ ನಿಲ್ಲಲು ನೂರಾರು ಮೀಟರ್ ಬೇಕು. ಸಾಲದ್ದಕ್ಕೆ, ದೊಡ್ಡ ವಸ್ತು ಅದೇ ವೇಗದ ಚಿಕ್ಕ ವಸ್ತುವಿಗಿಂತ ನಿಧಾನವಾಗಿ ಚಲಿಸಿದಂತೆ ಕಾಣುತ್ತದೆ.

ಇದನ್ನರಿತು ಮಾಡಿದ ಕೆಲಸವೊಂದು ಮುಂಬೈಯಲ್ಲೇ ಇದೆ. 2009ರ ಕೊನೆಯಲ್ಲಿ ವಡಾಲಾದಲ್ಲಿ ಫೈನಲ್ ಮೈಲ್ ಎಂಬ ಸಂಸ್ಥೆ ರೈಲ್ವೆಯೊಂದಿಗೆ ಸೇರಿ ಮೂರು ಬದಲಾವಣೆ ಮಾಡಿತು. ಹಳಿಯಡಿ ಅಡ್ಡಲಾಗಿ ಹಾಕಿದ ಪಟ್ಟಿಗಳಿಗೆ (ಸ್ಲೀಪರ್) ಹಳದಿ ಬಣ್ಣ ಬಳಿದರು: ಅವು ಒಂದೊಂದಾಗಿ ಗಾಡಿಯಡಿ ಮಾಯವಾಗುವಾಗ ವೇಗ ಕಣ್ಣಿಗೆ ಗೊತ್ತಾಗುತ್ತದೆ. ಉದ್ದನೆಯ ಸೀಟಿಯ ಬದಲು, ನಡುವೆ ಬಿಡುವಿಟ್ಟು ಎರಡು ಚಿಕ್ಕ ಸೀಟಿ ಹಾಕಿಸಿದರು. ರೈಲಿನಡಿ ಸಿಲುಕುತ್ತಿರುವ ಮನುಷ್ಯನ ಭೀತ ಮುಖದ ಮೂರು ಹಂತದ ಚಿತ್ರ ಹಾಕಿದರು. ಬರೀ ‘ಹಳಿ ದಾಟಬೇಡಿ’ ಎಂಬ ಫಲಕವನ್ನು ಓದಿ ಮರೆಯುತ್ತೇವೆ; ಭೀತ ಮುಖ ಕಂಡರೆ ಎದೆ ಝಲ್ಲೆನ್ನುತ್ತದೆ. ಮುಂದಿನ ತಿಂಗಳುಗಳಲ್ಲಿ ಅಲ್ಲಿ ಸಾವು ಇಳಿದವೆಂದು ವರದಿಯಾಯಿತು.

ಮಿನೇಕಾ ಕಂಡ ಇನ್ನೊಂದು ಸಂಗತಿ ತಾಯ್ತಂದೆಯರು ತಿಳಿಯಲೇಬೇಕಾದದ್ದು. ಮೊದಲೇ ಶಾಂತ ಕೋತಿಯೊಂದು ಹಾವಿನ ಮುಂದೆ ಸುಮ್ಮನಿರುವುದನ್ನು ನೋಡಿದ ಕೋತಿಗಳಲ್ಲಿ ಹೆಚ್ಚಿನವು ಆಮೇಲೆ ಬೆದರಿದ ಕೋತಿಯನ್ನು ನೋಡಿದರೂ ಭಯ ಕಲಿಯಲಿಲ್ಲ. ನಿರಾಳವಾಗಿ ಹಳಿ ದಾಟುವ ಅಪ್ಪ ಮಗುವಿಗೆ ಇದೇ ಪಾಠ ಕಲಿಸುತ್ತಿದ್ದಾನೆ ಎಂಬುದು ನಮ್ಮ ಅಭಿಪ್ರಾಯ. ಆದ್ದರಿಂದ ಮಗುವಿನೊಡನೆ ಒಂದು ಸಲವೂ ಹಳಿ ದಾಟಬೇಡಿ, ಸೇತುವೆ ಹತ್ತಿ. ಇನ್ನು ಹಾವಿನ ಚಿತ್ರ ಬಂದಾಗ ನೀವು ಗಾಬರಿಯಾಗದೆ ಪಕ್ಕದಲ್ಲಿ ಕೂತು ಹೆಸರು ಹೇಳಿಕೊಡಿ. ಆದರೆ ಭಯವನ್ನು ಪೂರ್ತಿ ಅಳಿಸಬೇಡಿ. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷವೆಂದು ಅಂದಾಜು. ರಜೆಗೆ ಊರಿಗೆ ಹೋದಾಗ ಆ ಭಯ ಬೇಕಾಗುತ್ತದೆ.

ನಾಲ್ಕು ವರ್ಷದ ಹಿಂದೆ ಏಕಾದಶಿಗೆ ಪಕ್ಕದ ಮನೆಯವರು ಕೊಟ್ಟ ಸಾಬುದಾಣಾ ಖಿಚಡಿಯನ್ನು ಮೊದಲ ಬಾರಿ ತಿಂದೆ, ಮೊಸರನ್ನೂ ತಿಂದೆ. ರಾತ್ರಿ ವಾಂತಿ. ಮನೆಮಂದಿಗೆಲ್ಲ ಬಂದಿದ್ದ ವೈರಸ್ ಅದು ಎಂದರು ಡಾಕ್ಟರ್. ಆದರೂ ಖಿಚಡಿಯ ವಾಸನೆಗೇ ಹೊಟ್ಟೆ ತೊಳಸುತ್ತದೆ. ಮೊಸರು ಮಾತ್ರ ಎಂದಿನಂತೆ ಸೇರುತ್ತದೆ. ಏಕೆ?
ಓದುಗರು, ನಿಗಡಿ, ಪುಣೆ

1966ರಲ್ಲಿ ಗಾರ್ಸಿಯಾ ಮತ್ತು ಕೋಲಿಂಗ್ ಎಂಬ ವಿಜ್ಞಾನಿಗಳು ಇಲಿಗಳಿಗೆ ಸಿಹಿ ನೀರು ಕುಡಿಸುವಾಗಲೇ ಬೆಳಕು ಮಿನುಗಿಸಿ ಸದ್ದು ಮಾಡಿದರು. ಹೊಟ್ಟೆ ಕೆಡಿಸಿದ ಇಲಿಗಳು ಆಮೇಲೆ ಸಿಹಿಯನ್ನು ಬಿಟ್ಟವು, ಬೆಳಕು–ಸದ್ದನ್ನು ಲೆಕ್ಕಿಸಲಿಲ್ಲ. ವಿದ್ಯುತ್ ಆಘಾತ ತಿಂದ ಇಲಿಗಳು ತದ್ವಿರುದ್ಧ: ಬೆಳಕು–ಸದ್ದಿಗೆ ಹೆದರಿದವು, ಸಿಹಿಯನ್ನು ಕುಡಿದವು. ಹೊಟ್ಟೆ ಕೆಟ್ಟರೆ ಬಾಯಿಗೆ ಹೋದದ್ದನ್ನೇ ದೂರುವ ಈ ಕಲಿಕೆ ಒಂದೇ ಸಲಕ್ಕೆ, ನಡುವೆ ಹಲವು ತಾಸು ಕಳೆದಿದ್ದರೂ ಆಗುತ್ತದೆ. ವಿಷದ ಕಾಯನ್ನು ಎರಡನೇ ಸಲ ತಿಂದು ಖಚಿತಪಡಿಸಿಕೊಳ್ಳಲು ಹೋದವು ಉಳಿಯಲಿಲ್ಲ. ಸಾವಿರ ಸಲ ತಿಂದು ಸುರಕ್ಷಿತವೆಂದು ಕಂಡ ಮೊಸರು ತಪ್ಪಿಸಿಕೊಂಡಿತು, ಹೊಸ ಖಿಚಡಿ ಸಿಕ್ಕಿಬಿತ್ತು. ವೈರಸ್ಸಿನ ವಿಷಯ ಬುದ್ಧಿಗೆ ಗೊತ್ತು. ಈ ಕಲಿಕೆ ಬುದ್ಧಿಯನ್ನು ಕೇಳುವುದಿಲ್ಲ.

ಬಿಡಿಸಿಕೊಳ್ಳಬೇಕೆಂದರೆ ಚೆನ್ನಾಗಿ ಹಸಿದಿರುವ, ಹೊಟ್ಟೆ ಸರಿಯಿರುವ ದಿನ ಆರಿಸಿ. ಮೊದಲು ರೂಪ ಬದಲಿಸಿ: ಸಾಬುದಾಣೆ ಹಪ್ಪಳದ ಚೂರು, ಆಮೇಲೆ ಒಂದು ವಡೆ, ಕೊನೆಗೆ ಖಿಚಡಿ ಒಂದು ಚಮಚ. ತೊಳಸಿದರೆ ಅಲ್ಲಿಗೇ ನಿಲ್ಲಿಸಿ. ಬಲವಂತವಾಗಿ ನುಂಗಿ ಮತ್ತೆ ವಾಂತಿಯಾದರೆ ಹಳೆಯ ಪಾಠವೇ ಗಟ್ಟಿಯಾಗುತ್ತದೆ.

ಕೀಮೋಥೆರಪಿ ಪಡೆಯುವವರ ಮನೆಯವರಿಗೂ ಇದು ಉಪಯೋಗಕ್ಕೆ ಬರುತ್ತದೆ. ವಾಂತಿ ತರಿಸುವ ಆ ಕ್ಯಾನ್ಸರ್ ಔಷಧಕ್ಕೆ ಮುಂಚೆ ತಿಂದ ಐಸ್‌ಕ್ರೀಮನ್ನು ಮಕ್ಕಳು ಆಮೇಲೆ ದೂರ ಇಟ್ಟದ್ದನ್ನು ಐಲೀನ್ ಬರ್ನ್‌ಸ್ಟೀನ್ 1978ರಲ್ಲಿ ತೋರಿಸಿದರು. ಊಟಕ್ಕೂ ಔಷಧಕ್ಕೂ ನಡುವೆ ಅಪರಿಚಿತ ರುಚಿಯ ಗಟ್ಟಿ ಪೆಪ್ಪರ್‌ಮಿಂಟಿನಂಥದ್ದು ಕೊಟ್ಟರೆ ದೂರು ಬಹುಪಾಲು ಅದರ ತಲೆಗೆ ಹೋಗಿ, ಊಟ ಉಳಿಯುತ್ತದೆ. ಇಷ್ಟದ ತಿಂಡಿಯನ್ನು ಆ ದಿನ ಕೊಡಲೇಬೇಡಿ. ಯಾವುದಕ್ಕೂ ಚಿಕಿತ್ಸೆ ನೀಡುವ ವೈದ್ಯರನ್ನು ಕೇಳಿಯೇ ಮಾಡಿ.

ಗಂಡಸು ಒಬ್ಬಳಿಗೇ ನಿಷ್ಠನಾಗಿರುವುದು ಪ್ರಕೃತಿಗೆ ವಿರುದ್ಧ, ವಿಕಾಸವೇ ಹಾಗೆ ಹೇಳುತ್ತದೆ ಎನ್ನುತ್ತಾನೆ ಕಾಲೇಜಿನ ಮಗ.
ಓದುಗರು, ವಾಸ್ಕೊ

ಹೇಳುವುದಿಲ್ಲ. ಹೆಣ್ಣುಗಳಿಗಾಗಿ ಗಂಡುಗಳು ಕಾದಾಡುವ ಪ್ರಾಣಿಗಳಲ್ಲಿ ಗಂಡಿನ ಮೈ ದೊಡ್ಡದಾಗಿರುತ್ತದೆ. ಒಂದು ಗಂಡು ಹಲವು ಹೆಣ್ಣುಗಳನ್ನು ಕೂಡುವ ಗೊರಿಲ್ಲಾಗಳಲ್ಲಿ ಗಂಡಿನ ತೂಕ ಹೆಣ್ಣಿನ ಸುಮಾರು ಎರಡರಷ್ಟು. ಜೋಡಿಯಾಗಿ ಬಾಳುವ ಗಿಬ್ಬನ್ ಎಂಬ ವಾನರಗಳಲ್ಲಿ ಇಬ್ಬರೂ ಹೆಚ್ಚುಕಡಿಮೆ ಸಮ. ಮನುಷ್ಯರಲ್ಲಿ ವ್ಯತ್ಯಾಸವಿದೆ, ಆದರೆ ಗಿಬ್ಬನ್ ಕಡೆಗೇ ಹತ್ತಿರ. ಅದಿರಲಿ, ಹಿಂದೆ ಏನು ಆಯ್ಕೆಯಾಯಿತು ಎಂಬುದರಿಂದ ಇಂದು ಏನು ಮಾಡಬೇಕು ಎಂಬುದು ಹೊರಡುವುದಿಲ್ಲ. ಸಿಡುಬು ಕೂಡ ಪ್ರಕೃತಿಯದೇ ಆಗಿತ್ತು.

ನನ್ನ ಮಗಳೂ ನನ್ನ ಅಣ್ಣನ ಮಗನೂ ಒಂದೇ ಚಾಳಿನ ಖೋಲಿಯಲ್ಲಿ ಎರಡು ವರ್ಷದ ಮಕ್ಕಳಾಗಿದ್ದಾಗಿನಿಂದ ಒಟ್ಟಿಗೆ ಬೆಳೆದವರು. ಈಗ ಊರಿನ ಹಿರಿಯರು ಸಂಬಂಧ ಕೂಡಿಸಿ ಎನ್ನುತ್ತಾರೆ. ‘ಅವನು ನನಗೆ ಅಣ್ಣನ ಹಾಗೆ’ ಎನ್ನುತ್ತಾಳೆ ಇವಳು. ಅವನೂ ಒಲ್ಲೆ ಎನ್ನುತ್ತಾನೆ. ನೆಪವೇ?
ಓದುಗರು, ಗೋರೆಗಾಂವ್

ನೆಪವಲ್ಲ. ಎಳವೆಯಲ್ಲಿ ಒಟ್ಟಿಗೆ ಬೆಳೆದವರಲ್ಲಿ ಪರಸ್ಪರ ಆಕರ್ಷಣೆ ಹುಟ್ಟುವುದಿಲ್ಲ ಎಂದು ಫಿನ್ಲೆಂಡಿನ ವಿದ್ವಾಂಸ ಎಡ್ವರ್ಡ್ ವೆಸ್ಟರ್‌ಮಾರ್ಕ್ 1891ರಲ್ಲೇ ಹೇಳಿದ್ದರು. ಇಸ್ರೇಲಿನ ಕಿಬುಟ್ಸ್ ಎಂಬ ಸಾಮೂಹಿಕ ಬಾಳ್ವೆಯ ಹಳ್ಳಿಗಳಲ್ಲಿ ಒಂದೇ ಶಿಶುಗೃಹದಲ್ಲಿ ಬೆಳೆದವರು ರಕ್ತಸಂಬಂಧವಿಲ್ಲದಿದ್ದರೂ ತಮ್ಮತಮ್ಮಲ್ಲಿ ಮದುವೆಯಾದದ್ದು ತೀರಾ ಅಪರೂಪ. ತೈವಾನಿನಲ್ಲಿ ಹಸುಗೂಸಿನಲ್ಲೇ ಸೊಸೆಯಾಗಿ ತಂದು ಸಾಕಿದ ಹುಡುಗಿಯರ ದಾಂಪತ್ಯದಲ್ಲಿ ಮಕ್ಕಳು ಕಡಿಮೆ, ವಿಚ್ಛೇದನ ಹೆಚ್ಚು ಎಂದು ಮಾನವಶಾಸ್ತ್ರಜ್ಞ ಆರ್ಥರ್ ವುಲ್ಫ್ ಕಂಡರು. ಮಿದುಳು ರಕ್ತವನ್ನು ಪರೀಕ್ಷಿಸಲಾರದು. ಯಾರೊಡನೆ ಬೆಳೆದೆ ಎಂಬುದನ್ನೇ ಒಡಹುಟ್ಟಿನ ಗುರುತಾಗಿ ಹಿಡಿಯುತ್ತದೆ.

ಊರಿನಲ್ಲಿ ಸೋದರಮಾವನ ಮನೆ ಬೇರೆ ಊರಲ್ಲೋ ಬೇರೆ ಕೇರಿಯಲ್ಲೋ ಇರುತ್ತಿತ್ತು, ಮಕ್ಕಳು ಹಬ್ಬಕ್ಕೆ ಭೇಟಿಯಾಗುತ್ತಿದ್ದರು. ಹಾಗಾಗಿ ಆ ಗುರುತು ಬೀಳುತ್ತಿರಲಿಲ್ಲ. ಹತ್ತು ಚದರ ಅಡಿಯೂ ಬಿಡುವಿಲ್ಲದ ನಿಮ್ಮ ಖೋಲಿಯಲ್ಲಿ ಬಿದ್ದಿದೆ. ಮಕ್ಕಳ ಮಾತನ್ನು ಒಪ್ಪಿಕೊಳ್ಳಿ, ಹಿರಿಯರಿಗೂ ಹೀಗೆಂದೇ ಹೇಳಿ.

ಮನೆತನದಲ್ಲಿ ಬೇರೆ ಯಾರಾದರೂ ಇಬ್ಬರೂ ಒಪ್ಪಿ ಸೋದರಿಕೆಯಲ್ಲಿ ಮದುವೆಯಾಗುವುದಿದ್ದರೆ ಲೆಕ್ಕ ಇಷ್ಟು: ಅತ್ತೆ–ಮಾವನ ಮಕ್ಕಳು ಮದುವೆಯಾದರೆ ಹುಟ್ಟುವ ಮಗುವಿನ ಒಂದು ಜೀನಿನ ಎರಡೂ ಪ್ರತಿಗಳು ಒಬ್ಬನೇ ಪೂರ್ವಜನಿಂದ ಬಂದಿರುವ ಸಂಭವ 16ರಲ್ಲಿ 1, ಸೋದರಮಾವನನ್ನೇ ವರಿಸಿದರೆ 8ರಲ್ಲಿ 1. ಆ ಜೀನಿನಲ್ಲಿ ದೋಷವಿದ್ದರೆ, ಎರಡೂ ಪ್ರತಿ ಕೆಟ್ಟು ಮಗುವಿಗೆ ಕಾಯಿಲೆ ಬರಬಹುದು. ಮದುವೆಗೆ ಮುಂಚೆ ಮೂರು ತಲೆಮಾರಿನ ವಂಶವೃಕ್ಷ ಬರೆದು, ಎಳವೆಯಲ್ಲೇ ತೀರಿಕೊಂಡವರು, ಕಿವುಡರು, ಪದೇ ಪದೇ ರಕ್ತ ಹಾಕಿಸಿಕೊಳ್ಳುವವರು ಯಾರೆಂದು ಗುರುತಿಸಿ ಜೆನೆಟಿಕ್ ಕೌನ್ಸೆಲರ್ (ಆನುವಂಶಿಕ ಕಾಯಿಲೆಗಳ ಸಲಹೆಗಾರ) ಬಳಿ ಒಯ್ಯಿರಿ. ಥಲಸ್ಸೇಮಿಯಾ ಎಂಬ ಆನುವಂಶಿಕ ರಕ್ತದ ಕಾಯಿಲೆಗಾಗಿ ಇಬ್ಬರಿಗೂ ಎಚ್‌ಬಿ ಎ2 ರಕ್ತಪರೀಕ್ಷೆ ಮಾಡಿಸಿ.